ಜೋಡಣ್ಣ ತೆಗೆದ ಮುಖವಿಲ್ಲದ ಫೋಟೋಗಳು

ಜೋಡಣ್ಣನ ನಿಜವಾದ ಹೆಸರು ನಮ್ಮ ಬೀದಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಜೋಡು ಹೊಲಿಯುವವನು, ಆದ್ದರಿಂದ ಜೋಡಣ್ಣ, ಅಷ್ಟೇ. ಅಂಚೆಯವನು ಕೂಡ ಹಾಗೇ ಕೂಗುತ್ತಿದ್ದ. ಅವನದೂ ನನ್ನದೂ ಪಕ್ಕಪಕ್ಕದ ಅಂಗಡಿ, ನಡುವೆ ಒಂದು ಮರದ ಹಲಗೆಯ ಗೋಡೆ. ಆ ಕಡೆ ಅವನು ಸುತ್ತಿಗೆಯಿಂದ ಕುಟ್ಟಿದರೆ ಈ ಕಡೆ ನನ್ನ ಗುಂಡಿ ಡಬ್ಬಿ ಕುಣಿಯುತ್ತಿತ್ತು. ನಾನು ಹೆಂಗಸರ ಬಟ್ಟೆ ಹೊಲಿಯುವವಳು. ಬಾಯಿ ಜೋರು ಎಂದು ಹೆಸರಾದವಳು, ಅದು ಸುಳ್ಳೆಂದು ನಾನೇನೂ ಹೇಳುವುದಿಲ್ಲ. ಒಡಹುಟ್ಟಿದ ಅಣ್ಣನನ್ನು ಏಕವಚನದಲ್ಲೇ ಕರೆದು ಬೆಳೆದವಳು, ಇವನನ್ನೂ ಹಾಗೇ ಕರೆದೆ. ಅವನು ನನ್ನನ್ನು ತಂಗಿ ಎನ್ನುತ್ತಿದ್ದ.

ಅವನು ಹೊಲಿಯುತ್ತಿದ್ದದ್ದು ಗಾಜಿನ ಕಪಾಟಿನಲ್ಲಿ ಸಾಲಾಗಿ ಕೂರುವ ಬೂಟಲ್ಲ. ಒಂದು ಕಾಲು ಗಿಡ್ಡ ಇದ್ದವರು, ಪಾದ ಒಳಕ್ಕೆ ತಿರುಗಿದವರು, ಹುಟ್ಟುವಾಗಲೇ ಬೆರಳು ಕೂಡಿಕೊಂಡವರು, ಸೊಂಟದಿಂದ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಡೆಯುವ ಮಕ್ಕಳು, ಇಂಥವರು ಅವನ ಹತ್ತಿರ ಬರುತ್ತಿದ್ದರು. ಮೂಳೆ ಡಾಕ್ಟರು ಚೀಟಿ ಬರೆದು ಕಳಿಸುತ್ತಿದ್ದರು. ಬಂದವರನ್ನು ಮುಕ್ಕಾಲಿಯ ಮೇಲೆ ಕೂರಿಸಿ, ತಾನು ನೆಲದ ಮೇಲೆ ಕೂತು, ಬರಿಗಾಲನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಿದ್ದ. ಅಂಗಾಲಿನ ಕೆಳಗೆ ಅಂಗೈ ಇಟ್ಟು ಕಣ್ಣು ಮುಚ್ಚಿಬಿಡುತ್ತಿದ್ದ. ಮೊದಲ ಸಲ ಬಂದವರಿಗೆ ಇವನು ನಿದ್ದೆ ಹೋದನೋ ಎನಿಸುತ್ತಿತ್ತು. ಯಾವ ಕಡೆ ಭಾರ ಬೀಳುತ್ತದೆ, ಯಾವ ಕಡೆ ಚರ್ಮ ಗಟ್ಟಿಯಾಗಿದೆ ಎಂದು ಅವನ ಕೈ ಕೇಳಿಸಿಕೊಳ್ಳುತ್ತಿತ್ತು. ಆಮೇಲೆ, "ಎದ್ದು ಒಂದು ಸುತ್ತು ನಡೀರಿ ನೋಡೋಣ" ಎನ್ನುತ್ತಿದ್ದ.

ಮೊದಮೊದಲು ಪಾದದ ಗುರುತನ್ನು ಕಂದು ಕಾಗದದ ಮೇಲೆ ಎಳೆದಿಡುತ್ತಿದ್ದ. ಕಾಗದಕ್ಕೆ ಇಲಿ ಬಿತ್ತು, ಶೀತ ಹಿಡಿಯಿತು. ಅವನ ಮಗಳು ಬೈದು ಬೈದು ಒಂದು ಫೋನು ಕೊಡಿಸಿದಳು. ಎದುರು ಸಾಲಿನ ಫೋನಿನಂಗಡಿಯವನು ಅದರಲ್ಲಿ ಏನೇನೋ ಒತ್ತಿ, "ಅಣ್ಣ, ಇನ್ಮೇಲೆ ನೀವು ತೆಗೆದ ಫೋಟೋ ಎಲ್ಲ ತಾನೇ ಕಂಪನಿ ಹತ್ರ ಹೋಗಿ ಭದ್ರವಾಗಿ ಕೂತ್ಕೊಳ್ಳುತ್ತೆ. ಫೋನು ಕಳೆದುಹೋದ್ರೂ ಫೋಟೋ ಹೋಗಲ್ಲ" ಎಂದ. ಕಡೆಗೆ ಆದದ್ದು ತಿರುಗುಮುರುಗು. ಫೋನು ಇವತ್ತಿಗೂ ಇದೆ.

ಕಂಪನಿ ಯಾವುದು ಎಂದು ನಾನು ಹೇಳಬೇಕಾಗಿಲ್ಲ. ನಮ್ಮ ಬೀದಿಯಲ್ಲಿ ಕಂಪನಿ ಎಂದರೆ ಅದೊಂದೇ. ಫೋನಿನ ಹೊಟ್ಟೆಯೊಳಗೆ ಅದು, ದಾರಿ ತೋರಿಸುವುದು ಅದು, ಟಪಾಲು ಅದು, ಮಕ್ಕಳ ಶಾಲೆಯ ಪಾಠ ಬರುವುದು ಅದರಲ್ಲಿ, ಜಾಹೀರಾತು ಅದರದು. ಆನೆ ನಡೆದದ್ದೇ ದಾರಿ ಎನ್ನುತ್ತಾರಲ್ಲ, ಹಾಗೆ.

ಫೋಟೋ ತೆಗೆಯುವುದರಲ್ಲೂ ಜೋಡಣ್ಣನದು ಒಂದು ಕಟ್ಟುನಿಟ್ಟು. ಮುಂದಿನಿಂದ, ಹಿಂದಿನಿಂದ, ಎರಡೂ ಪಕ್ಕದಿಂದ, ಆಮೇಲೆ ನಡೆಯುವುದರದೊಂದು ವೀಡಿಯೊ. ಮುಖ ಮಾತ್ರ ಬರಕೂಡದು. ಮಗುವೇನಾದರೂ ಬಗ್ಗಿ ಇಣುಕಿದರೆ ಅಳಿಸಿ ಮತ್ತೆ ತೆಗೆಯುತ್ತಿದ್ದ.

"ಮುಖ ನನಗ್ಯಾಕಮ್ಮ? ನಾನೇನು ಮುಖಕ್ಕೆ ಬೂಟು ಹೊಲೀತೀನಾ?" ಎಂದು ತಾಯಂದಿರನ್ನು ನಗಿಸುತ್ತಿದ್ದ. ಅವರು ಹೋದ ಮೇಲೆ ನನಗೆ ಹೇಳುತ್ತಿದ್ದ, "ಕುಂಟೋ ಮಗು ಇವತ್ತು ಮಗು, ನಾಳೆ ದೊಡ್ಡೋರಾಗ್ತಾರೆ ತಂಗಿ. ಅವರ ಮುಖ ಊರಿನೋರ ಫೋನಲ್ಲಿ ಯಾಕಿರಬೇಕು? ನಾಚಿಕೆ ಅವರದು, ಕಾಪಾಡೋದು ನಮ್ಮ ಕೆಲಸ."

ಅದು ನನಗೆ ಸರಿ ಕಂಡಿತ್ತು. ನನ್ನ ಅಂಗಡಿಗೆ ಬರುವ ಹೆಂಗಸರ ಸೊಂಟದಳತೆ ಎಲ್ಲ ನನಗೆ ಗೊತ್ತು. ಒಬ್ಬಳದನ್ನು ಇನ್ನೊಬ್ಬಳ ಮುಂದೆ ಬಾಯಿಬಿಟ್ಟರೆ ಮರುದಿನ ನನ್ನ ಅಂಗಡಿಗೆ ನೊಣವೂ ಬರುವುದಿಲ್ಲ. ಅಳತೆ ತೆಗೆಯುವವರಿಗೆ ಇದೇ ಧರ್ಮ. ಆದರೆ ಯೋಚಿಸಿ. ಸಾವಿರಾರು ಫೋಟೋ. ಎಲ್ಲ ಬರಿಗಾಲು, ಬರಿ ಮಂಡಿ. ಪಟ್ಟಿ ಕಟ್ಟಿದ ಮಕ್ಕಳದ್ದಾದರೆ ಸೊಂಟದವರೆಗೂ ಬರಿಮೈ. ಒಂದಕ್ಕೂ ಮುಖವಿಲ್ಲ. ನೋಡಿದ್ದು ಮನುಷ್ಯನಾಗಿದ್ದರೆ ಪಕ್ಕದಲ್ಲಿದ್ದ ಬೂಟು, ಅಟ್ಟೆ, ಮರದ ಅಚ್ಚು ಕಣ್ಣಿಗೆ ಬೀಳುತ್ತಿತ್ತು. ನೋಡಿದ್ದು ಯಂತ್ರ.

ಒಂದು ದಿನ ಬೆಳಿಗ್ಗೆ ಅವನು ಫೋನು ಹಿಡಿದುಕೊಂಡು ನನ್ನ ಅಂಗಡಿಗೆ ಬಂದ. "ತಂಗಿ, ಇದೇನೋ ಒಳಗೇ ಬಿಡ್ತಿಲ್ಲ ನೋಡು" ಎಂದ. ನನಗೂ ಅರ್ಥವಾಗಲಿಲ್ಲ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವನ ಮಗಳು ಊಟದ ಹೊತ್ತಿಗೆ ಬಂದಾಗ ಓದಿದಳು. ಅವಳು ಅರ್ಧಕ್ಕೇ ನಿಲ್ಲಿಸಿದಳು. "ಏನಂತೆ? ಜೋರಾಗಿ ಓದು" ಎಂದ ಅಪ್ಪ. ಅವಳು ಓದಿದಳು. ಖಾತೆಯಲ್ಲಿ ಮಕ್ಕಳಿಗೆ ಸಂಬಂಧಿಸಿದ ಹಾನಿಕರ ವಿಷಯ ಕಂಡುಬಂದಿದೆ, ಇದು ನಿಯಮಗಳ ಗಂಭೀರ ಉಲ್ಲಂಘನೆ, ಕಾನೂನುಬಾಹಿರವೂ ಆಗಿರಬಹುದು, ಆದ್ದರಿಂದ ಖಾತೆಯನ್ನು ಮುಚ್ಚಲಾಗಿದೆ.

"ಹಾನಿಕರ ಅಂದ್ರೆ?" ಎಂದು ಕೇಳಿದ ಜೋಡಣ್ಣ. "ಬೂಟು ಬಿಗಿಯಾಗಿ ಯಾವ ಮಗುಗಾದ್ರೂ ಗಾಯ ಆಯ್ತಾ?"

ಮಗಳು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಅಪ್ಪನಿಗೆ ಮಗಳು ಹೇಳುವ ಮಾತೇ ಅದು? ಕೊನೆಗೆ ನಾನೇ ಹೇಳಿದೆ. ಮಕ್ಕಳ ಬರಿಮೈ ಫೋಟೋ ಇಟ್ಟುಕೊಳ್ಳುವ ಹೊಲಸು ಜನ ಇರುತ್ತಾರೆ ಅಣ್ಣ, ನಿನ್ನನ್ನು ಅಂಥವನು ಅಂದುಕೊಂಡಿದ್ದಾರೆ ಎಂದೆ. ಅವನಿಗೆ ಮೊದಲು ನಗು ಬಂತು. ಆಮೇಲೆ ನಗು ಹಾಗೇ ಮುಖದ ಮೇಲೆ ನಿಂತುಬಿಟ್ಟಿತು, ತೆಗೆಯುವುದು ಹೇಗೆಂದು ಗೊತ್ತಾಗದವನ ಹಾಗೆ.

ಅವನು ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಅರ್ಧ ಮುಗಿಯುತ್ತಿತ್ತು. ಫೋಟೋ ಹೋದವು, ಹೋಗಲಿ, ಮತ್ತೆ ಅಳತೆ ತೆಗೆದರಾಯಿತು. ಕಂಪನಿಯವರು ಯಾರ ಮನೆಗೂ ಹೋಗಿ ಹೇಳುತ್ತಿರಲಿಲ್ಲ. ಆದರೆ ಜೋಡಣ್ಣ ತಪ್ಪು ಮಾಡಿದವನಲ್ಲ ನೋಡಿ, ಮುಚ್ಚಿಡಬೇಕೆಂದು ಅವನಿಗೆ ತೋಚಲೇ ಇಲ್ಲ. ಅಂಗಡಿಗೆ ಬಂದವರಿಗೆಲ್ಲ ಫೋನು ತೋರಿಸಿದ. ಫೋನಿನಂಗಡಿಯವನಿಗೆ, ಹಾಲಿನವನಿಗೆ, ಶಾಲೆಯ ಮೇಷ್ಟ್ರಿಗೆ. "ಇದಕ್ಕೇನು ಮಾಡ್ಬೇಕು, ನಿಮಗೆ ಯಾರಾದ್ರೂ ಗೊತ್ತಾ?" ಎಂದು ಕೇಳಿಕೊಂಡು ತಿರುಗಿದ. ಮಕ್ಕಳನ್ನು ಕರೆತಂದ ತಾಯಂದಿರ ಮುಂದೆ ತಾನೇ ಗಟ್ಟಿಯಾಗಿ ಓದಿದ, ಅವರು ಸಹಾಯ ಮಾಡುತ್ತಾರೆಂದು. ಮಕ್ಕಳು, ಹಾನಿಕರ, ಕಾನೂನುಬಾಹಿರ. ಆ ಮೂರು ಮಾತು ಕಿವಿಗೆ ಬಿದ್ದ ಮೇಲೆ ಉಳಿದದ್ದನ್ನು ಯಾರು ಕೇಳಿಸಿಕೊಳ್ಳುತ್ತಾರೆ?

"ಅಣ್ಣ, ನಿನಗೇನು ತಲೆ ನೆಟ್ಟಗಿದೆಯಾ? ನಿನ್ನ ಮೈಮೇಲೆ ನೀನೇ ಕೆಸರು ಎರಚ್ಕೊಂಡು ಊರಿಗೆಲ್ಲ ಡಂಗುರ ಹೊಡೀತಿದ್ದೀಯಲ್ಲ!" ಎಂದು ಬೈದೆ.

"ಇಲ್ಲದ್ದು ಇಲ್ಲ ಅಂತ ಹೇಳೋಕೆ ಹೆದರಿಕೆ ಯಾಕೆ ತಂಗಿ?" ಎಂದ.

ಏನು ಹೇಳುವುದು ಇಂಥವನಿಗೆ.

ಫೋನಿನಂಗಡಿಯವನು ಒಳ್ಳೆಯವನೇ. ಆದರೆ ಅವನ ಮಾತು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಅವನೂ ಮಗಳೂ ಕೂತು ಮನವಿ ಬರೆದರು. ಇವನು ಬೂಟು ಹೊಲಿಯುವವನು, ಇವು ಕಾಲಿನ ಅಳತೆ, ಡಾಕ್ಟರ ಚೀಟಿ ಇದೆ, ಯಾವ ಫೋಟೋ ತಪ್ಪು ಎಂದು ತಿಳಿಸಿ. ಉತ್ತರ ಬಂತು. ಪರಿಶೀಲಿಸಲಾಗಿದೆ, ಖಾತೆಯನ್ನು ಮತ್ತೆ ತೆರೆಯಲಾಗದು. ಯಾವ ಫೋಟೋ ಎಂದು ಹೇಳಲಿಲ್ಲ. ಬರೆದವರ ಹೆಸರಿಲ್ಲ, ರುಜು ಇಲ್ಲ.

"ಅವರ ಕಡೆಯಿಂದಾನೂ ಯೋಚನೆ ಮಾಡ್ಬೇಕಲ್ಲಕ್ಕ" ಎಂದ ಫೋನಿನಂಗಡಿಯವನು. "ಮಕ್ಕಳ ವಿಷಯ. ನೂರು ಜನ ಪಾಪಿಗಳನ್ನ ಹಿಡಿಯೋವಾಗ ಒಬ್ಬ ಸಾಚಾ ಸಿಕ್ಕಿಹಾಕ್ಕೊಳ್ತಾನೆ."

"ಸಿಕ್ಕಿಹಾಕ್ಕೊಂಡ, ಸರಿ. ಬಿಡಿಸೋರು ಯಾರು?" ಎಂದೆ.

ನಾನೇನು ಕಂಪನಿ ಪಾಪಿಗಳನ್ನು ಹಿಡಿಯಬಾರದು ಎನ್ನುತ್ತೇನೆಯೇ? ಹಿಡಿಯಲಿ, ನೇಣಿಗೇ ಹಾಕಲಿ, ಹಗ್ಗ ನಾನು ಹೊಸೆದು ಕೊಡುತ್ತೇನೆ. ಆದರೆ ನಮ್ಮ ಪೆಟ್ಟಿಗೆಯೊಳಗೆ ಕೈಹಾಕಿ ನೋಡುವವರು, ನೋಡಿದ ಮೇಲೆ ಎದುರಿಗೆ ನಿಂತು ಒಂದು ಮಾತು ಕೇಳಬೇಡವೇ? ಇದೇನಪ್ಪ, ಯಾಕಪ್ಪ, ಎಂದು? ಕಳ್ಳನಿಗೂ ಪೊಲೀಸಿನವರು ಅಷ್ಟು ಕೇಳುತ್ತಾರೆ.

ಜೋಡಣ್ಣನ ಅಳಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಾತು ಕಡಿಮೆ. "ಆ ಕಂಪನಿ ಸಹವಾಸವೇ ಬೇಡ ಮಾವ, ಬೇರೆ ಕಂಪನಿ ಫೋನು ತಗೊಳ್ಳೋಣ" ಎಂದು ಅವನನ್ನು ಕರೆದುಕೊಂಡು ಮತ್ತೆ ಅದೇ ಅಂಗಡಿಗೆ ಹೋದ. ಬೇರೆ ಎಂದರೆ ಇನ್ನೊಂದೇ ಒಂದು ಇದೆಯಂತೆ. ಅದರ ಬೆಲೆ ಕೇಳಿ ಅಳಿಯ ತಲೆ ಕೆರೆದುಕೊಂಡ. ಇರುವ ಫೋನಿನಲ್ಲೇ ಹೊಸ ಖಾತೆ ತೆರೆಯೋಣವೆಂದರೆ ಹಳೆಯ ಫೋನ್ ನಂಬರ್ ಕೊಟ್ಟಕೂಡಲೇ ಅದೂ ಮುಚ್ಚಿತು. ಫೋನಿನ ನಕ್ಷೆಯಲ್ಲಿ ಅಂಗಡಿಯ ಗುರುತೇ ಮಾಯವಾಯಿತು. ದೂರದ ಊರಿನಿಂದ ಮಗುವನ್ನು ಎತ್ತಿಕೊಂಡು ಬಂದವರು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರೆ, ಅಲ್ಲಿನವರು ಫೋನು ನೋಡಿ, "ಅಂಥ ಅಂಗಡಿ ಯಾವುದೂ ಇಲ್ವಲ್ಲ" ಎಂದು ಕಳಿಸುತ್ತಿದ್ದರಂತೆ. ಅಂಗಡಿ ಇಲ್ಲೇ ಇದೆ. ಜೋಡಣ್ಣ ಒಳಗೆ ಕೂತಿದ್ದಾನೆ. ಆದರೆ ಇಲ್ಲ! ಇಷ್ಟಾದರೂ ಆ ಫೋನು ಸುಮ್ಮನಿರುತ್ತಿತ್ತೇ? ದಿನಾ ಬೆಳಗಾದರೆ ಅವನಿಗೇ ಬೂಟಿನ ಜಾಹೀರಾತು ತೋರಿಸುತ್ತಿತ್ತು. ಕೊಂಡರೆ ಇನ್ನೊಂದು ಜೊತೆ ಉಚಿತ ಎಂದು.

ದೊಡ್ಡ ಪಟ್ಟಣದಲ್ಲಿ ಕಂಪನಿಯ ಕಚೇರಿ ಇದೆ ಎಂದು ಯಾರೋ ಹೇಳಿದರು. ಮಗಳಿಗೆ ರಜೆ ಸಿಗಲಿಲ್ಲ. ನಾನೇ ಅಂಗಡಿ ಬಾಗಿಲು ಎಳೆದು ಅವನ ಜೊತೆ ಹೊರಟೆ. ಅಲ್ಲಿ ನನ್ನ ಬಾಯಿ ಉಪಯೋಗಕ್ಕೆ ಬಂದೀತು ಎಂಬ ಆಸೆ. ಒಗೆದ ಅಂಗಿ ಹಾಕಿಕೊಂಡು, ಚೀಲದಲ್ಲಿ ಡಾಕ್ಟರ ಚೀಟಿಗಳನ್ನೂ ಒಂದು ಜೊತೆ ಮಕ್ಕಳ ಬೂಟನ್ನೂ ಇಟ್ಟುಕೊಂಡು ಬಂದಿದ್ದ ಜೋಡಣ್ಣ. "ಕಣ್ಣಾರೆ ನೋಡಿದ್ರೆ ಗೊತ್ತಾಗುತ್ತೆ ಅವರಿಗೆ" ಎಂದ.

ಗಾಜಿನ ಕಟ್ಟಡ. ಒಳಗೆ ಗಿಡ, ತಣ್ಣನೆಯ ಗಾಳಿ, ಹರಟುತ್ತ ಕಾಫಿ ಕುಡಿಯುವ ಹುಡುಗ ಹುಡುಗಿಯರು. ಬಾಗಿಲಲ್ಲಿ ಕಾವಲುಗಾರ, ಅವನ ಪಕ್ಕದಲ್ಲಿ ಕಂಬದ ಮೇಲೊಂದು ಪರದೆ. "ಇಲ್ಲಿ ನಿಂತು ಮುಖ ತೋರಿಸಿ" ಎಂದ ಕಾವಲುಗಾರ. ಜೋಡಣ್ಣ ವಿಧೇಯನಾಗಿ ನಿಂತ. ಯಂತ್ರ ಅವನ ಮುಖದ ಫೋಟೋ ತೆಗೆದುಕೊಂಡಿತು. ಯಾರನ್ನು ನೋಡಬೇಕು ಎಂದು ಕೇಳಿತು. ಯಾರನ್ನು ಎಂದು ನಮಗೇನು ಗೊತ್ತು?

"ಹೆಸರು ಗೊತ್ತಿಲ್ಲದೆ ಬಿಡೋಕಾಗಲ್ಲ" ಎಂದ ಕಾವಲುಗಾರ. "ಖಾತೆ ವಿಷಯ ಆದ್ರೆ ಇಲ್ಲಿ ಯಾರೂ ನೋಡಲ್ಲಣ್ಣ. ಆನ್‌ಲೈನಲ್ಲೇ ದೂರು ಕೊಡ್ಬೇಕು."

"ಕೊಡೋಣ ಅಂದ್ರೆ ಖಾತೆಯೊಳಗೆ ಹೋಗಿ ಕೊಡಿ ಅನ್ನುತ್ತೆ. ಖಾತೆ ಮುಚ್ಚಿರೋದೇ ದೂರು!" ಎಂದು ನಾನು ಗಂಟಲು ಎತ್ತಿದೆ. ಕಾಫಿ ಹುಡುಗಿಯೊಬ್ಬಳು ತಿರುಗಿ ನೋಡಿ ಮತ್ತೆ ಕಾಫಿಗೆ ಮುಖ ಹಾಕಿದಳು. "ಕರೀರಿ ನಿಮ್ಮ ಸಾಹೇಬರನ್ನ! ಈ ಮನುಷ್ಯನ ಮುಖ ನೋಡಿ ಹೇಳಲಿ ಒಂದು ಸಲ!"

"ಅಕ್ಕ, ನನ್ನನ್ನೂ ಒಳಗೆ ಬಿಡಲ್ಲ. ನಾನು ಬಾಗಿಲಿಗಷ್ಟೇ" ಎಂದ ಅವನು, ಪಾಪ, ಮೆತ್ತಗೆ.

ಅವನ ಮೇಲೆ ಕೂಗಿ ಏನು ಬಂತು? ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ನನ್ನದಾದರೂ ಬಾಯಿಗೆ ಬಂತು, ಕೂಗಿದೆ. ಜೋಡಣ್ಣ ಚೀಲದಿಂದ ಆ ಪುಟ್ಟ ಬೂಟು ತೆಗೆದು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಬಸ್ಸಿನಲ್ಲಿ ಅದನ್ನು ಚೀಲಕ್ಕೆ ಹಾಕು ಅಣ್ಣ ಎಂದು ನಾನು ಹೇಳಬೇಕಾಯಿತು.

ಅದಾದ ಸ್ವಲ್ಪ ದಿನಕ್ಕೆ ಪೊಲೀಸ್ ಸಮವಸ್ತ್ರದ ಹೆಣ್ಣುಮಗಳೊಬ್ಬಳು ಜೋಡಣ್ಣನ ಅಂಗಡಿಗೆ ಬಂದಳು. ಕಂಪನಿಯೇ ಹೇಳಿ ಕಳಿಸಿತ್ತಂತೆ. ಅವಳ ಮೇಲೆ ನಾನು ತಪ್ಪು ಹೊರಿಸುವುದಿಲ್ಲ. ಅಂಗಡಿಯಲ್ಲಿ ಕೂತು ಎಲ್ಲ ಕೇಳಿದಳು. ಗೋಡೆಯ ಅಚ್ಚುಗಳನ್ನು ನೋಡಿದಳು, ಮೂಳೆ ಡಾಕ್ಟರಿಗೆ ಫೋನು ಮಾಡಿದಳು, ನನ್ನನ್ನೂ ಕರೆದು ಕೇಳಿದಳು. ಕಂಪನಿ ಕಳಿಸಿದ ಫೋಟೋ ಅವಳ ಹತ್ತಿರ ಇದ್ದವು. "ಎಲ್ಲ ಕಾಲುಗಳೇ" ಎಂದಳು. ಇದರಲ್ಲಿ ಅಪರಾಧ ಏನೂ ಇಲ್ಲ ಎಂದು ಠಾಣೆಯಿಂದ ಬರೆದೂ ಕೊಟ್ಟಳು. ಜೋಡಣ್ಣ ಮಗುವಿನ ಹಾಗೆ ಅತ್ತ. ಆ ಕಾಗದವನ್ನು ಮಗಳು ಫೋಟೋ ತೆಗೆದು ಕಂಪನಿಗೆ ಕಳಿಸಿದಳು. ಟೀ ಆರುವಷ್ಟರಲ್ಲಿ ಉತ್ತರ ಬಂತು. ನಿರ್ಧಾರ ಅಂತಿಮ.

ಆ ಫೋಟೋಗಳನ್ನಾದರೂ ನೀವೇ ವಾಪಸು ಕೊಡಿಸಿ ಎಂದರೆ, "ನನಗೆ ಆ ಅಧಿಕಾರ ಇಲ್ಲಮ್ಮ" ಎಂದಳು ಪೊಲೀಸಿನವಳು. ಪೊಲೀಸರಿಗೇ ಇಲ್ಲದ ಅಧಿಕಾರ!

ಬೀದಿಗೆ ಕಂಡದ್ದು ಆ ಕಾಗದವಲ್ಲ, ಸಮವಸ್ತ್ರ. ಜೋಡಣ್ಣನ ಅಂಗಡಿಗೆ ಪೊಲೀಸ್ ಬಂದಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಹಾಲಿನವನು ಹೇಳಿದ, "ಅಷ್ಟು ದೊಡ್ಡ ಕಂಪನಿ ಸುಮ್ಸುಮ್ನೆ ಹೇಳುತ್ತಾ ಅಕ್ಕ? ಅವರಿಗೆ ಇವನ ಮೇಲೇನು ಹಗೆ?" ಅವನ ಹಾಲು ಬೇಡವೆಂದೆ. ಬೇಡವೆಂದು ಆಮೇಲೆ ಎರಡು ಬೀದಿ ದಾಟಿ ಹಾಲು ತಂದೆ. ಅದರಿಂದ ಯಾರಿಗೇನು ನಷ್ಟವಾಯಿತು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವನೂ ಹಾಗೇ ತಾನೇ ಎಲ್ಲರಿಗೂ ಹೇಳಿಕೊಂಡು ತಿರುಗಿದನಲ್ಲ, ಎಂದೂ ಮಾತಾಡಿದರು. ಆಡುವವರ ಬಾಯಿಗೆ ಹೊಲಿಗೆ ಹಾಕುವಷ್ಟು ದಾರ ನನ್ನ ಹತ್ತಿರ ಇರಲಿಲ್ಲ.

ಯಾರೂ ಅವನ ಮುಖಕ್ಕೆ ಏನೂ ಹೇಳಲಿಲ್ಲ. ಹೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಒಬ್ಬ ತಾಯಿ ಮಗನನ್ನು ಕರೆತಂದಳು. ಆ ಹುಡುಗನಿಗೆ ಜೋಡಣ್ಣ ಮೊದಲ ಹೆಜ್ಜೆಯಿಂದಲೂ ಬೂಟು ಹೊಲಿದುಕೊಟ್ಟವನು. ಅವನು ಎಂದಿನಂತೆ ನೆಲದ ಮೇಲೆ ಕೂತು, "ಬಾರಪ್ಪ ಧೀರ, ಕಾಲು ಕೊಡು" ಎಂದು ಕೈ ಚಾಚಿದ. ತಾಯಿ ನಕ್ಕಳು, ತುಟಿಯ ತುದಿಯಲ್ಲಿ. "ಕಾಲುಚೀಲ ಇರಲಿ ಅಲ್ವಾ, ಚಳಿ. ಹಾಕ್ಕೊಂಡೇ ಅಳತೆ ತಗೊಳ್ಳಿ" ಎಂದಳು.

ಚಳಿಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಹಲಗೆಯ ಈ ಕಡೆಯಿಂದ ನಾನು ಕೇಳಿಸಿಕೊಂಡೆ. ನನ್ನ ಕಾಲು ಹೊಲಿಗೆಯಂತ್ರದ ಪೆಡಲಿನ ಮೇಲೆ ಹಾಗೇ ನಿಂತಿತು. ಅವನು ಏನೆನ್ನುತ್ತಾನೆ ಎಂದು ಕಾದೆ. "ಆಗಲಿ ಅಮ್ಮ" ಎಂದ. ಅಷ್ಟೇ. ಆಗಲಿ ಅಮ್ಮ.

ಅಲ್ಲಿಂದ ಅವನ ಕೈಗೆ ಏನೋ ಆಯಿತು. ದೊಡ್ಡವರ ಕಾಲನ್ನೂ ಎರಡು ಬೆರಳಲ್ಲಿ ಮುಟ್ಟತೊಡಗಿದ. ತೊಡೆಯ ಮೇಲೆ ಎಳೆದುಕೊಳ್ಳುವುದನ್ನು ಬಿಟ್ಟ. ಮಕ್ಕಳು ಬಂದರೆ ನನ್ನನ್ನು ಕೂಗುತ್ತಿದ್ದ, "ತಂಗಿ, ಒಂದು ನಿಮಿಷ ಬಂದು ನಿಂತ್ಕೋ." ಅಂಗಡಿಯ ಬಾಗಿಲನ್ನು ಪೂರ್ತಿ ತೆರೆದು ಕಲ್ಲು ಇಟ್ಟ, ಬೀದಿಗೆಲ್ಲ ಕಾಣಲಿ ಎಂದು. "ಇದೇನಣ್ಣ ಹುಚ್ಚು?" ಎಂದರೆ, "ಯಾರೂ ಏನೂ ಅನ್ನಬಾರದಲ್ಲ" ಎನ್ನುತ್ತಿದ್ದ. ಕೈ ಕೇಳಿಸಿಕೊಳ್ಳದ ಮೇಲೆ ಬೂಟು ಸರಿಬರುವುದು ಹೇಗೆ? ಸರಿಬರಲಿಲ್ಲ. ಬಂದವರೂ ಬರುವುದನ್ನು ಬಿಟ್ಟರು. ಕಾರಣ ಬೂಟೋ ಮಾತೋ ಯಾರಿಗೆ ಗೊತ್ತು.

ಅವನ ಮೊಮ್ಮಗಳ ಮಾತು ಹೇಳಬೇಕು. ಜೋಡಣ್ಣನ ಹೆಂಡತಿ ತೀರಿಕೊಂಡ ಮೇಲೆ ಮಗಳು, ಅಳಿಯ, ಮೊಮ್ಮಗಳು ಅವನ ಜೊತೆಗೇ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿದ್ದರು. ಆ ಹುಡುಗಿಯ ಎಡಗಾಲು ಹುಟ್ಟಿನಿಂದ ಗಿಡ್ಡ. ಬೂಟಿಲ್ಲದೆ ನಡೆದರೆ ಕುಪ್ಪಳಿಸಿದ ಹಾಗಿರುತ್ತಿತ್ತು, ಅದಕ್ಕೇ ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ತಾತನ ಬೂಟು ಹಾಕಿಕೊಂಡರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಡದ ಅಟ್ಟೆಯನ್ನು ಅಷ್ಟು ನಾಜೂಕಾಗಿ ಎತ್ತರಿಸುತ್ತಿದ್ದ. ಶಾಲೆಯಲ್ಲಿ ಅವಳು ಓಟದಲ್ಲಿ ಓಡಿದ್ದಳು, ಕೊನೆಯವಳಾಗಿ ಬಂದಳು ಅನ್ನಿ, ಆದರೂ ಓಡಿದಳು. ಹೊಸ ಬೂಟಿಗೆ ಅಳತೆ ಎಂದರೆ ಅವಳಿಗೆ ಹಬ್ಬ. ತಾನೇ ಬಂದು ಮುಕ್ಕಾಲಿ ಹತ್ತಿ ಕಾಲನ್ನು ತಾತನ ತೊಡೆಯ ಮೇಲೆ ಧೊಪ್ಪೆಂದು ಇಡುವಳು. ಅವನು ಕಚಗುಳಿ ಇಟ್ಟು ಕಿರುಚಿಸಿ ಆಮೇಲೆ ಅಳತೆ ತೆಗೆಯುವನು. ಹಲಗೆಯ ಈ ಕಡೆ ನಾನು, "ಸಾಕ್ರೇ, ಗುಂಡಿ ಎಲ್ಲ ಚೆಲ್ಲಿಹೋಯ್ತು!" ಎಂದು ಕೂಗುತ್ತಿದ್ದೆ.

ಬೆಳೆಯುವ ಮಗು, ಬೂಟು ಬಿಗಿಯಾಯಿತು. ಮಗಳು ಹೇಳಿದಳು. ಜೋಡಣ್ಣ, "ನೋಡೋಣ" ಎಂದ. ಮತ್ತೆ ಹೇಳಿದಳು. "ಹಳೇ ಬೂಟು ಕೊಟ್ಟಿರು, ಅದರ ಮೇಲೇ ಅಂದಾಜು ಮಾಡ್ತೀನಿ" ಎಂದ. ಮೊಮ್ಮಗಳ ಕಾಲಿಗೆ ಅಂದಾಜು! ಹೊಲಿದೂ ಕೊಟ್ಟ. ಎರಡು ದಿನಕ್ಕೆ ಗುಬ್ಬಿ ಮತ್ತೆ ಕುಪ್ಪಳಿಸಲು ಶುರುಮಾಡಿದಳು. ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತು. ಶಾಲೆಯಲ್ಲಿ ಯಾವಳೋ ಅವಳ ನಡಿಗೆಯನ್ನು ಅಣಕಿಸಿದಳಂತೆ, ಅಳುತ್ತ ಬಂದಳು. ಇಷ್ಟು ವರ್ಷದಲ್ಲಿ ಒಂದು ದಿನ ಹಾಗಾಗಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಸಂಜೆ ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಅವನ ಅಂಗಡಿಗೆ ನುಗ್ಗಿದೆ.

"ಅಣ್ಣ, ಊರಿನೋರ ಮಾತು ಊರಿಗೆ. ಇವಳು ನಿನ್ನ ರಕ್ತ. ಈಗ, ನನ್ನೆದುರಿಗೆ ಅಳತೆ ತೆಗಿ. ಇಲ್ಲಾಂದ್ರೆ ನಾನು ಇಲ್ಲಿಂದ ಏಳಲ್ಲ."

"ಅಪ್ಪ, ನಮಗೆ ನಿನ್ನ ಮೇಲೆ ಯಾವತ್ತಾದ್ರೂ..." ಎಂದಳು ಮಗಳು. ಅವಳ ಕಣ್ಣು ತುಂಬಿತ್ತು.

"ಗೊತ್ತಮ್ಮ, ಗೊತ್ತು" ಎಂದ ಜೋಡಣ್ಣ. ನೆಲದ ಮೇಲೆ ಕೂತ. ಬಾಗಿಲು ಪೂರ್ತಿ ತೆರೆದಿದೆಯೇ ಎಂದು ತಿರುಗಿ ನೋಡಿದ. ಮಗಳಿಗೆ, "ನೀನು ಈ ಕಡೆ ಬಂದು ನಿಂತ್ಕೋ, ಕಾಣೋ ಹಾಗೆ" ಎಂದ. ಗುಬ್ಬಿ ಮುಕ್ಕಾಲಿ ಹತ್ತಿ, ಹೊಸ ಬೂಟು ಕಳಚಿ ಒಗೆದು, ಎಡಗಾಲನ್ನು ಅವನ ತೊಡೆಯ ಮೇಲೆ ಇಟ್ಟಳು.

ಅವನ ಎರಡೂ ಕೈ ಗಾಳಿಯಲ್ಲೇ ಉಳಿದವು. ಯಾರೋ ಪಿಸ್ತೂಲು ತೋರಿಸಿದರೆ ಎತ್ತುತ್ತಾರಲ್ಲ, ಹಾಗೆ. ಹಣೆಯಲ್ಲಿ ಬೆವರು. ಕೆಳಗಿಳಿಸಬೇಕೆಂದು ನೋಡಿದ, ನಾನು ಕಂಡೆ, ಇಳಿಯಲಿಲ್ಲ. ಯಾರಿಗೆ ಬೈಯಲಿ? ಎದುರಿಗೆ ಯಾರಿದ್ದಾರೆ?

ಗುಬ್ಬಿ ತಾತನ ಕೈ ನೋಡಿದಳು, ತನ್ನ ಕಾಲು ನೋಡಿಕೊಂಡಳು.

"ಗಲೀಜಾಗಿದೆಯಾ ತಾತ?" ಎಂದಳು.

ಅವನು ಇಲ್ಲ ಎಂದು ತಲೆಯಾಡಿಸುವಷ್ಟರಲ್ಲಿ ಮುಕ್ಕಾಲಿಯಿಂದ ಜಿಗಿದು, ಕುಪ್ಪಳಿಸಿಕೊಂಡು ಹಿಂದಿನ ನಲ್ಲಿಗೆ ಓಡಿದಳು. ನೀರು ಬಿಟ್ಟ ಸದ್ದು ಕೇಳಿಸಿತು. ಬಹಳ ಹೊತ್ತು ಉಜ್ಜಿದಳು. ನಾವು ಮೂವರೂ ದೊಡ್ಡವರು ಒಬ್ಬರ ಮುಖ ಒಬ್ಬರು ನೋಡದೆ ಅಲ್ಲೇ ಉಳಿದೆವು. ಅವಳು ಬಂದಳು, ಎರಡೂ ಕಾಲಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಹಿಮ್ಮಡಿಯ ಗುಳ್ಳೆ ಉಜ್ಜಿ ಉಜ್ಜಿ ಒಡೆದು ಕೆಂಪಾಗಿತ್ತು. ಮತ್ತೆ ಮುಕ್ಕಾಲಿ ಹತ್ತಿ ಕೂತು ಕಾಲು ಚಾಚಿದಳು.

"ಸೋಪು ಹಾಕಿ ತೊಳ್ಕೊಂಡು ಬಂದೆ ತಾತ. ಈಗ ಮುಟ್ಟು."

ಜೋಡಣ್ಣ ಹೆಗಲ ಮೇಲಿದ್ದ ಅಳತೆ ಪಟ್ಟಿಯನ್ನು ತೆಗೆದು, ತಲೆ ಎತ್ತದೆ, ನನ್ನ ಕಡೆ ಚಾಚಿದ.